ಒತ್ತಿಲ್ಲದ ಪದಬಂಧ: ನಾಲ್ಕು ಹೊಳೆ, ನಾಲ್ಕು ನಿಯಮ, ಒಂದು ಸಿಗಡಿ

ಶಿರಸಿ ಸೀಮೆಯ ಒಂದು ಹಳ್ಳಿ ಶಾಲೆಗೆ 75 ವರ್ಷ ತುಂಬಿತು. ಸ್ಮರಣ ಸಂಚಿಕೆ ತರುವುದು ಅಂತಾಯಿತು. ಸಂಚಿಕೆಯ ಕೆಲಸ ನೋಡುವವರಲ್ಲಿ ನಾನೂ ಒಬ್ಬ. ಇಂಥ ಸಂಚಿಕೆ ಹೇಗಿರುತ್ತದೆ ಅಂತ ಎಲ್ಲರಿಗೂ ಗೊತ್ತು. ಮೊದಲ ಇಪ್ಪತ್ತು ಪುಟ ಶುಭಾಶಯ, ಕೊನೆಯ ಇಪ್ಪತ್ತು ಪುಟ ಜಾಹೀರಾತು. ನಡುವೆ ಜನ ನಿಂತು ಓದುವಂಥದ್ದು ಒಂದಾದರೂ ಇರಲಿ ಅಂತ ಒಂದು ಪುಟ ಪದಬಂಧಕ್ಕೆ ಇಟ್ಟೆವು. ಸರಿ ಉತ್ತರ ಕಳಿಸಿದವರ ಹೆಸರಲ್ಲಿ ಚೀಟಿ ಎತ್ತಿ ಮೂವರಿಗೆ ಬಹುಮಾನ. ಆ ಒಂದು ಪುಟ ಮಳೆಗಾಲವನ್ನೆಲ್ಲ ತಿಂದಿತು. ಪದಬಂಧ ಕಟ್ಟುವ ಹುಚ್ಚಿರುವ ಬೇರೆಯವರಿಗೆ ಉಪಯೋಗ ಆದೀತು ಅಂತ ಅದರ ಕಥೆ ಬರೆಯುತ್ತಿದ್ದೇನೆ. ಶಾಲೆಯ ಹೆಸರು, ಜನರ ಹೆಸರು ಯಾವುದೂ ಇಲ್ಲಿಲ್ಲ. ಕಟ್ಟಿದವರು ಇಬ್ಬರು. ಒಬ್ಬರನ್ನು ಮಾಸ್ತರು ಅನ್ನುತ್ತೇನೆ, ಇನ್ನೊಬ್ಬರನ್ನು ಅಕ್ಕೋರು.

ಮಾಸ್ತರು ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಘಟ್ಟದ ಮೇಲಿನವರು, ಅಡಿಕೆ ತೋಟದ ಮನೆ. ಗ್ರಾಫ್ ಪುಸ್ತಕದಲ್ಲಿ ಪೆನ್ಸಿಲ್ ಹಿಡಿದು ಪದಬಂಧ ಕಟ್ಟುವುದು ಅವರ ಹಳೇ ಚಟ. ಅಕ್ಕೋರು ಕುಮಟಾ ಕಡೆಯವರು, ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾರೆ. ಅವರು ಪದಬಂಧ ಕಟ್ಟಿದವರಲ್ಲ, ಬಿಡಿಸುವವರು. ಅದೂ ಪೆನ್ನಿನಲ್ಲಿ. ಇಬ್ಬರೂ ಮುಖತಃ ಸೇರಿದ್ದು ನಾಲ್ಕೈದು ಸಲ ಅಷ್ಟೆ. ಉಳಿದದ್ದು ವಾಟ್ಸಾಪ್‌ನಲ್ಲಿ ಗ್ರಾಫ್ ಪುಸ್ತಕದ ಫೋಟೋ ಕಳಿಸುತ್ತ. ಕರೆಂಟು, ನೆಟ್‌ವರ್ಕು ಎರಡೂ ಇದ್ದ ದಿನ.

ಮಾಸ್ತರ ನಾಲ್ಕು ನಿಯಮ

ಪದಬಂಧ ಹುಟ್ಟಿದ್ದು ಅಮೆರಿಕದಲ್ಲಿ. 1913ರ ಡಿಸೆಂಬರ್ 21ರಂದು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬವರು ಮೊದಲನೆಯದನ್ನು ಅಚ್ಚು ಹಾಕಿಸಿದರು. ಅದರ ಆಕಾರ ವಜ್ರದ ಹಾಗಿತ್ತು. ಚೌಕ ಬಂದದ್ದು, ಚೌಕವನ್ನು ಅರ್ಧ ಸುತ್ತು ತಿರುಗಿಸಿದರೂ ಕಪ್ಪು ಮನೆಗಳು ಇದ್ದಲ್ಲೇ ಇರಬೇಕು ಅನ್ನುವ ಶಿಸ್ತು ಬಂದದ್ದು ಎಲ್ಲ ಆಮೇಲೆ. ಮಾಸ್ತರಿಗೆ ಈ ಅರ್ಧ ಸುತ್ತಿನ ಶಿಸ್ತು ಅಂದರೆ ಪ್ರಾಣ. ಅದು ಅವರ ಒಂದು ನಿಯಮ.

ಅದಕ್ಕಿಂತ ಮೇಲಿನದು ಇನ್ನೊಂದಿತ್ತು: ಇಡೀ ಚೌಕಟ್ಟಿನಲ್ಲಿ ಒಂದೂ ಒತ್ತಕ್ಷರ ಬರಬಾರದು. ಮೂವತ್ತು ವರ್ಷದಿಂದ ಅವರು ಹಾಗೇ ಕಟ್ಟಿದವರು. ಮೂರನೆಯದು, ಪದಗಳೆಲ್ಲ ಉತ್ತರ ಕನ್ನಡ ಜಿಲ್ಲೆಗೆ ನಂಟಿರುವಂಥವೇ ಆಗಬೇಕು. ಊರು, ಹೊಳೆ, ತಿನಿಸು, ಕಸುಬು, ಏನಾದರೂ ಸರಿ. ಎರಡಕ್ಷರದ ಕೊಂಡಿ ಪದಗಳಿಗೆ ಮಾತ್ರ ವಿನಾಯಿತಿ.

ನಾಲ್ಕನೇ ನಿಯಮ ಮೊದಲು ಇರಲಿಲ್ಲ. ಅದು ಒಂದು ರಾತ್ರಿ ಹುಟ್ಟಿತು. ಕರೆಂಟು ಹೋಗಿತ್ತಂತೆ. ಮಾಸ್ತರು ಮೇಣದ ಬತ್ತಿ ಹಚ್ಚಿಕೊಂಡು 'ಅಘನಾಶಿನಿ' ಅಂತ ಅಡ್ಡ ಬರೆದರು. ಐದು ಮನೆ. ನಾಲ್ಕನೇ ಮನೆಯ 'ಶಿ' ನೋಡಿ, ಅಲ್ಲಿಂದ ಕೆಳಗೆ 'ಶಿರಸಿ' ಅಂತ ಬರೆದರು. ಶಿರಸಿಯ ಶಂಕರಹೊಂಡ ಅಘನಾಶಿನಿಯ ಒಂದು ಮೂಲ. ಹೊಳೆ ತನ್ನ ಊರನ್ನು ತಾನೇ ಹುಡುಕಿಕೊಂಡಿತ್ತು! ಆಮೇಲೆ ಕೊನೆಯ 'ನಿ' ನೋಡಿದರು. ಮೇಲಿನಿಂದ ಇಳಿದು ಬಂದು ಅಲ್ಲಿ ಮುಗಿಯುವ ಪದ 'ಗಜನಿ'. ಅಘನಾಶಿನಿ ಸಮುದ್ರ ಸೇರುವ ಮೊದಲು ಎರಡೂ ದಡದಲ್ಲಿ ಹರಡಿರುವ ಉಪ್ಪುನೀರಿನ ಗದ್ದೆ. ಕಗ್ಗ ಭತ್ತ ಬೆಳೆಯುವ ಜಾಗ. ಶಿರಸಿಯ ಕೊನೆಯ 'ಸಿ' ಹಿಡಿದು ಎಡಕ್ಕೆ ಹೋದರೆ 'ಬನವಾಸಿ'. ಅದು ಶಿರಸಿ ತಾಲೂಕಿನದ್ದೇ. ಬೆಳಿಗ್ಗೆ ಆರಕ್ಕೆ ನನಗೆ ಫೋಟೋ ಬಂತು:

· · · · ಗ
· · · · ಜ
ಅ ಘ ನಾ ಶಿ ನಿ
· · · ರ ·
ಬ ನ ವಾ ಸಿ ·

ಹಿಂದೆಯೇ ಫೋನು. "ಕಾಳಿಗೂ ಕಾರವಾರಕ್ಕೂ 'ಕಾ' ಒಂದೇ. ಶರಾವತಿಗೂ ಹೊನ್ನಾವರಕ್ಕೂ ಮೂರನೇ ಅಕ್ಷರ 'ವ'. ನಾಲ್ಕು ಹೊಳೆ, ನಾಲ್ಕೂ ತನ್ನ ತನ್ನ ಊರನ್ನ ದಾಟಬೇಕು. ಹ್ಯಾಂಗೆ?" ಅಂದರು. ಹೀಗೆ ನಾಲ್ಕನೇ ನಿಯಮ ಬಂತು: ಪ್ರತಿ ಹೊಳೆಯ ಹೆಸರೂ ತನ್ನ ಊರಿನ ಹೆಸರನ್ನು ಒಂದು ಅಕ್ಷರದಲ್ಲಿ ಕೂಡಬೇಕು. ಆ ಖುಷಿಯಲ್ಲಿ ಹೊನ್ನಾವರದ ಎರಡನೇ ಅಕ್ಷರ ಏನು ಅಂತ ನಾವಿಬ್ಬರೂ ನೋಡಲಿಲ್ಲ.

ಕನ್ನಡದ ಮನೆ ಕಷ್ಟ

ಕನ್ನಡದಲ್ಲಿ ಪದಗಳನ್ನು ಕೂಡಿಸುವುದು ಇಂಗ್ಲಿಷಿಗಿಂತ ಕಷ್ಟ. ಅಲ್ಲಿ 26 ಅಕ್ಷರ, ಮುಗೀತು. ನಮ್ಮಲ್ಲಿ ಒಂದು ಮನೆಗೆ ಒಂದು ಪೂರ್ತಿ ಅಕ್ಷರ ಕೂರುತ್ತದೆ, ಕಾಗುಣಿತದ ಸಮೇತ. ಕ, ಕಾ, ಕಿ, ಕಂ ಎಲ್ಲ ಬೇರೆ ಬೇರೆ. 34 ವ್ಯಂಜನ, ಒಂದೊಂದಕ್ಕೂ ಹತ್ತು ಹನ್ನೆರಡು ಗುಣಿತ ಅಂದರೆ ಒತ್ತಕ್ಷರ ಬಿಟ್ಟೇ ಲೆಕ್ಕ 400ರ ಸುತ್ತ ಬರುತ್ತದೆ. ಅದಕ್ಕೇ ಅಮೆರಿಕದ ಚೌಕಟ್ಟಿನಲ್ಲಿ ಪ್ರತಿ ಮನೆಯೂ ಅಡ್ಡಕ್ಕೂ ಸೇರುತ್ತದೆ, ಉದ್ದಕ್ಕೂ ಸೇರುತ್ತದೆ. ನಮ್ಮ ಪತ್ರಿಕೆಗಳ ಪದಬಂಧದಲ್ಲಿ ಕಪ್ಪು ಮನೆ ಜಾಸ್ತಿ. ಎರಡು ಪದ ಸೇರುವ ಮನೆಗೆ ಮಾಸ್ತರು 'ಕೂಡುಮನೆ' ಅನ್ನುತ್ತಾರೆ. ಒಂದೇ ಪದಕ್ಕೆ ಸೇರಿದ್ದು 'ಒಂಟಿಮನೆ'. ಈ ಎರಡು ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಂದು ಚುಕ್ಕೆಯೂ ಇಲ್ಲಿ ಕೈ ಕೊಡುತ್ತದೆ. ಶರಾವತಿಯ 'ರಾ' ಮೇಲೆ 'ರಾಂಪಣಿ' ಇಳಿಸಿದರೆ ಎಷ್ಟು ಚಂದ! ಕರಾವಳಿಯ ಹಳೇ ದೊಡ್ಡ ಬಲೆ ಅದು. ಆದರೆ 'ರಾ' ಬೇರೆ, 'ರಾಂ' ಬೇರೆ. ಬನವಾಸಿಯ 'ವಾ' ಮೇಲೆ ಕಾರವಾರ ಬರುತ್ತಿತ್ತು. ಎರಡರಲ್ಲೂ 'ವಾ' ಮೂರನೆಯದು. ಆದರೆ ಎರಡು ಮನೆ ಮೇಲೆ 'ಕಾ' ಬೇಕಿದ್ದಲ್ಲಿ ಆಗಲೇ ಅಘನಾಶಿನಿಯ 'ನಾ' ಕೂತಿತ್ತು. ಅಘನಾಶಿನಿಯ ಮೊದಲ 'ಅ' ಹಿಡಿದು 'ಅಡಿಕೆ' ಇಳಿಸೋಣ ಅಂದರೆ 'ಕೆ' ಹೋಗಿ ಬನವಾಸಿಯ 'ಬ' ಮೇಲೆ ಕೂರುತ್ತದೆ. ಶಿರಸಿಯ ಪದಬಂಧದಲ್ಲಿ ಅಡಿಕೆಗೆ ಜಾಗ ಇಲ್ಲ ಅಂದರೆ ಊರಲ್ಲಿ ಮುಖ ತೋರಿಸುವುದು ಹೇಗೆ? "ಅಡಿಕೆ ಬೇಕೋ ಬನವಾಸಿ ಬೇಕೋ" ಅಂತ ಎರಡು ದಿನ ನಡೆಯಿತು. ಕದಂಬರು ಗೆದ್ದರು. ಅಡಿಕೆಗೆ ಬೇರೆ ಮೂಲೆ ಹುಡುಕೋಣ ಅಂತಾಯಿತು.

ಕಂಪ್ಯೂಟರ್ ಪ್ರಯತ್ನ ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಪುಕ್ಕಟೆ ಸಿಗುವ ಒಂದು ತಂತ್ರಾಂಶಕ್ಕೆ ಅಘನಾಶಿನಿ ಅಂತ ಕೊಟ್ಟರೆ ಅದು ಎಂಟು ಮನೆ ಮಾಡಿತು. ಯೂನಿಕೋಡಿನಲ್ಲಿ 'ಶಿ' ಅಂದರೆ ಶ ಒಂದು, ಗುಡಿಸು ಒಂದು. ಬರೀ ಗುಡಿಸು ಒಂಟಿಯಾಗಿ ಒಂದು ಚೌಕದಲ್ಲಿ ಕೂತದ್ದನ್ನು ನೋಡಿ ಮಾಸ್ತರು ನಕ್ಕು ಮತ್ತೆ ಗ್ರಾಫ್ ಪುಸ್ತಕ ತೆಗೆದರು.

ಒತ್ತು ಬೇಡ ಅನ್ನುವ ನಿಯಮ ನಿಜಕ್ಕೂ ಅಡ್ಡಿಯೇ ಅಂತ ಕೇಳಿದರೆ, ಮೊದಮೊದಲು ಅಲ್ಲ. ಒತ್ತಕ್ಷರ ಇರುವ ಮನೆಗೆ ಜೋಡಿ ಸಿಗುವುದು ಅಪರೂಪ. ಅವನ್ನು ಪಟ್ಟಿಯಿಂದಲೇ ತೆಗೆದರೆ ಉಳಿದ ಪದಗಳು ಸುಲಭವಾಗಿ ಕೂಡುತ್ತವೆ. ಜಿಲ್ಲೆಯ 12 ತಾಲೂಕಿನಲ್ಲಿ ಎಂಟಕ್ಕೆ ಒತ್ತಿಲ್ಲ: ಕಾರವಾರ, ಅಂಕೋಲಾ, ಕುಮಟಾ, ಶಿರಸಿ, ಮುಂಡಗೋಡ, ಹಳಿಯಾಳ, ಜೋಯಿಡಾ, ದಾಂಡೇಲಿ. ನಾಲ್ಕು ದೊಡ್ಡ ಹೊಳೆಗೂ ಒತ್ತಿಲ್ಲ. ತಮಾಷೆ ಅಂದರೆ ಘಟ್ಟದ ಮೇಲೆ ಬೇಡ್ತಿ ಅಂತ ಒತ್ತು ಹೊತ್ತು ಹರಿಯುವ ಹೊಳೆ ಕೆಳಗಿಳಿದ ಮೇಲೆ ಒತ್ತು ಬಿಟ್ಟು ಗಂಗಾವಳಿ ಆಗುತ್ತದೆ. ಮಾಸ್ತರು ಇದನ್ನು ತಮ್ಮ ನಿಯಮಕ್ಕೆ ಪ್ರಕೃತಿಯೇ ಹಾಕಿದ ಸಹಿ ಅನ್ನುವ ಹಾಗೆ ಹೇಳಿದರು.

ಒತ್ತಿರುವ ನಾಲ್ಕು ತಾಲೂಕು ಯಾವುದು? ಯಲ್ಲಾಪುರ, ಭಟ್ಕಳ, ಸಿದ್ದಾಪುರ, ಹೊನ್ನಾವರ. ಇವುಗಳಲ್ಲಿ ಎರಡು ಮುಂದೆ ಜಗಳ ತಂದವು.

ಎದುರು ಮೂಲೆ

11×11 ಚೌಕಟ್ಟು. ಅಘನಾಶಿನಿಯ ಗುಂಪು ಎಡಗಡೆ ಮೇಲೆ. ಅರ್ಧ ಸುತ್ತಿನ ನಿಯಮದ ಪ್ರಕಾರ ಬಲಗಡೆ ಕೆಳಗೆ ಅದೇ ಆಕಾರ ತಲೆಕೆಳಗಾಗಿ ಬರಬೇಕು. ಅಂದರೆ ಐದಕ್ಷರದ ಒಂದು ಅಡ್ಡ ಪದ. ಅದರ ಮೊದಲ ಅಕ್ಷರದಿಂದ ಕೆಳಗೆ ಇಳಿಯುವ ಮೂರಕ್ಷರದ ಪದ. ಆ ಐದಕ್ಷರದ ಪದದ ಎರಡನೇ ಅಕ್ಷರಕ್ಕೆ ಮೇಲಿನಿಂದ ಬಂದು ಮುಗಿಯುವ ಮೂರಕ್ಷರದ ಇನ್ನೊಂದು ಪದ. ಆ ಪದದ ತಲೆಯಿಂದ ಬಲಕ್ಕೆ ನಾಲ್ಕಕ್ಷರದ್ದು.

ಐದಕ್ಷರಕ್ಕೆ ಕಾಳುಮೆಣಸು, ಮಾವಿನಮಿಡಿ, ಮೀನುಗಾರಿಕೆ ಎಲ್ಲ ಇಟ್ಟು ನೋಡಿದರು. 'ಳು' ಅಥವಾ 'ವಿ' ಅಕ್ಷರದಲ್ಲಿ ಮುಗಿಯುವ ಊರ ಪದ ಸಿಗಲಿಲ್ಲ. ಕೊನೆಗೆ 'ಅಡಿಕೆತೋಟ' ಬಂತು. ಅಡಿಕೆಗೆ ಅದರ ಜಾಗ ಸಿಕ್ಕಿತು, ತೋಟದ ಸಮೇತ! 'ಅ' ಇಂದ ಕೆಳಗೆ 'ಅಳಿವೆ', ಹೊಳೆ ಸಮುದ್ರ ಸೇರುವ ಜಾಗ. ತೋಟದ ನೀರು ಕಡೆಗೆ ಹೋಗಿ ಸೇರುವುದು ಅಳಿವೆಯನ್ನೇ ಅಲ್ವಾ. ಇನ್ನು 'ಡಿ'ಯಲ್ಲಿ ಮುಗಿಯುವ ಮೂರಕ್ಷರ ಬೇಕು. ಮಾಸ್ತರು 'ಅಂಗಡಿ' ಬರೆದರು. 'ಅಂ' ಇಂದ ಬಲಕ್ಕೆ 'ಅಂಬಿಗರು'. ಎಲ್ಲೂ ಒತ್ತಿಲ್ಲ. ಮೂಲೆ ಮುಗಿಯಿತು.

ಅಕ್ಕೋರು ಫೋಟೋ ನೋಡಿ ತಕ್ಷಣ ಉತ್ತರಿಸಿದರು: "ಅಂಗಡಿ ಎಂತಕ್ಕೆ ಮಾಸ್ತರೇ? ಅಂಗಡಿ ಎಲ್ಲಾ ಜಿಲ್ಲೆಲೂ ಉಂಟು. 'ಸಿಗಡಿ' ಹಾಕಿ. 'ಸಿ' ಇಂದ ಸಿದ್ದಾಪುರ ಬರ್ತದೆ."

ನೋಡಿ, ಇಲ್ಲಿ ಬಿಕ್ಕಟ್ಟು ಎಷ್ಟು ಚೊಕ್ಕವಾಗಿ ಬಂತು. ಅಂಗಡಿ ಇಟ್ಟರೆ ಒತ್ತಿನ ನಿಯಮ ಉಳಿಯುತ್ತದೆ, ಜಿಲ್ಲೆಯ ನಿಯಮ ಮುರಿಯುತ್ತದೆ. ಸಿಗಡಿ ಇಟ್ಟರೆ ಜಿಲ್ಲೆಯ ನಿಯಮ ಉಳಿಯುತ್ತದೆ, ಸಿದ್ದಾಪುರದ 'ದ್ದಾ' ಒತ್ತಿನ ನಿಯಮ ಮುರಿಯುತ್ತದೆ. ನಡುವಿನ ದಾರಿ ಇಲ್ಲ. ಅಷ್ಟೊತ್ತಿಗೆ ಹೊನ್ನಾವರದ 'ನ್ನಾ' ಕೂಡ ಕಣ್ಣಿಗೆ ಬಿದ್ದಿತ್ತು. ಒತ್ತಿಲ್ಲದ ಶರಾವತಿ ದಡದ ಊರು ಹುಡುಕಿ ಹುಡುಕಿ ಸಾಕಾಗಿತ್ತು. ಗೇರುಸೊಪ್ಪೆಗೂ ಒತ್ತು, ಮಾವಿನಕುರ್ವೆಗೂ ಒತ್ತು. ಜೋಗಕ್ಕೆ ಒತ್ತಿಲ್ಲ, ಆದರೆ ಶರಾವತಿಯ ಒಂದಕ್ಷರವೂ ಅದರಲ್ಲಿಲ್ಲ.

ಮಾಸ್ತರು ಹಟ ಬಿಡಲಿಲ್ಲ. "ನಿಯಮ ಅಂದ್ರೆ ನಿಯಮ. ಅಂಗಡಿ ಇರ್ಲಿ" ಅಂದರು. ಅವರ ಮನೆಯಲ್ಲಿ ಸಿಗಡಿ ಹೆಸರೆತ್ತುವವರಿಲ್ಲ, ಅದಕ್ಕೇ ಹೀಗೆ ಅಂತ ಅಕ್ಕೋರು ಕೀಟಲೆ ಮಾಡಿದರು. ಮಾಸ್ತರು ನಗಲಿಲ್ಲ.

ಸೋಲಲ್ಲದ ಒಂದು ಮೂಲೆ

ಇದರ ನಡುವೆ ಇನ್ನೆರಡು ಮೂಲೆ ತಾವಾಗೇ ಬಂದವು. ಗಂಗಾವಳಿಗೂ ಅಂಕೋಲೆಗೂ ಒಂದೂ ಸಮಾನ ಅಕ್ಷರ ಇಲ್ಲ. ಹೊಳೆ ಆ ತಾಲೂಕಿನಲ್ಲೇ ಹರಿದರೂ ಇಲ್ಲ. ಆದ್ದರಿಂದ ಗಂಗಾವಳಿಯ ಕೊನೆಯ 'ಳಿ'ಗೆ ಮೇಲಿನಿಂದ 'ಕರಾವಳಿ' ಇಳಿಸಿದರು. ಹೊಳೆ ತನ್ನ ಕೊನೆಯ ಅಕ್ಷರದಲ್ಲಿ ಕರಾವಳಿ ಮುಟ್ಟಿತು. ಊರಲ್ಲ, ಆದರೂ ಮರ್ಯಾದೆಯಿಂದ ಆಯಿತು. ಎರಡು ನಾಲ್ಕಕ್ಷರದ ಪದ, ಕೊನೆಯಲ್ಲಿ ಕೂಡುತ್ತವೆ. ಅರ್ಧ ಸುತ್ತು ತಿರುಗಿಸಿದರೆ ಎದುರು ಮೂಲೆಯಲ್ಲಿ ಎರಡು ನಾಲ್ಕಕ್ಷರದ ಪದ ಮೊದಲಲ್ಲಿ ಕೂಡಬೇಕು. ಮಾಸ್ತರು ಐದು ನಿಮಿಷದಲ್ಲಿ ಬರೆದರು: ಅಡ್ಡ 'ಕೊನೆಗೌಡ', ಕೆಳಗೆ 'ಕೊಳೆರೋಗ'. ಮಳೆ ಜಾಸ್ತಿ ಆದರೆ ತೋಟಕ್ಕೆ ಕೊಳೆರೋಗ, ಮೈಲುತುತ್ತ ಸುಣ್ಣ ಕಲೆಸಿದ ಬೋರ್ಡೋ ಹೊಡೆಯಲು ಮರ ಹತ್ತುವವನು ಕೊನೆಗೌಡ. ಆ ವರ್ಷ ಅವರ ತೋಟದಲ್ಲಿ ಕೊಳೆ ಬಂದಿತ್ತು, ಕೊನೆಗೌಡ ಸಿಕ್ಕಿರಲಿಲ್ಲ. "ಇಲ್ಲಾದ್ರೂ ಇಬ್ರೂ ಒಟ್ಟಿಗೆ ಸಿಕ್ಕಿದ್ರಲ್ಲ" ಅಂದರು.

ನನ್ನ ಮಟ್ಟಿಗೆ ಇಡೀ ಪದಬಂಧದಲ್ಲಿ ಇದೇ ಒಳ್ಳೆಯ ಮೂಲೆ. ಇಲ್ಲಿ ಯಾವ ನಿಯಮವೂ ಇನ್ನೊಂದನ್ನು ತಳ್ಳಲಿಲ್ಲ. ಅರ್ಧ ಸುತ್ತಿನ ನಿಯಮ ಇಲ್ಲದಿದ್ದರೆ ಕೊನೆಗೌಡ ಅವರ ತಲೆಗೇ ಬರುತ್ತಿರಲಿಲ್ಲ. ನಿಯಮ ಪದವನ್ನು ಎಳೆದು ತರುತ್ತದೆ ಅಂದರೆ ಹೀಗೆ.

ನಡುಭಾಗದ ಕಥೆ ಬಿಡುತ್ತೇನೆ. ಕಾಳಿ, ಕಾರವಾರ, ತೀರ, ಮರ ಇಂಥ ಪದ. ಹದಿನೈದು ದಿನ ಹಿಡಿಯಿತು, ಹೇಳುವಂಥದ್ದು ಏನೂ ಆಗಲಿಲ್ಲ.

ಬಿಡಿಸಿ ನೋಡಿದವರು ಹೇಳಿದ್ದು

ಅಂಗಡಿ, ಅಂಬಿಗರು ಇದ್ದ ಪದಬಂಧವನ್ನು ಮೊದಲು ಆರು ಜನರಿಗೆ ಕೊಟ್ಟೆವು. ಮೂವರು ಘಟ್ಟದ ಮೇಲಿನವರು, ಮೂವರು ಕೆಳಗಿನವರು. ಇದು ಅಕ್ಕೋರ ಹಟ. ಮಾಸ್ತರು ಇಷ್ಟು ವರ್ಷದಲ್ಲಿ ಯಾರಿಗೂ ಮೊದಲು ಕೊಟ್ಟು ನೋಡಿದವರೇ ಅಲ್ಲ.

ಬಂದ ಉತ್ತರ ನೋಡಿದರೆ ಮೇಲಿನವರಿಗೆ ಗಜನಿ ಗೊತ್ತಿಲ್ಲ. ಕೆಳಗಿನವರಿಗೆ ಕೊನೆಗೌಡ ಗೊತ್ತಿಲ್ಲ. ಅರವತ್ತು ಕಿಲೋಮೀಟರು, ನಡುವೆ ಒಂದು ದೇವಿಮನೆ ಘಟ್ಟ. ಅಷ್ಟಕ್ಕೇ ಪದ ಬೇರೆ. ಗಜನಿಯಲ್ಲಿ ಕೂಡುಮನೆ ಒಂದೇ, 'ನಿ'. ಉಳಿದ ಎರಡೂ ಒಂಟಿ. ಪದ ಗೊತ್ತಿಲ್ಲದವರು ಅದನ್ನು ಅಡ್ಡ ಪದದ ಸಹಾಯದಿಂದಲೂ ಹಿಡಿಯಲು ಆಗುವುದಿಲ್ಲ. ಅಂಥ ಕಡೆ ಭಾರ ಎಲ್ಲ ಸುಳಿವಿನ ಮೇಲೆ.

ಮೊದಲ ಸುಳಿವು 'ಕಗ್ಗ ಬೆಳೆಯುವ ಉಪ್ಪುನೀರಿನ ಗದ್ದೆ' ಅಂತಿತ್ತು. ಗೊತ್ತಿದ್ದವರಿಗೆ ಗೊತ್ತು, ಇಲ್ಲದಿದ್ದವರಿಗೆ ಇಲ್ಲ. ಅಕ್ಕೋರು ಅದನ್ನು ಹೀಗೆ ಮಾಡಿದರು: 'ಸೋಮನಾಥಕ್ಕೆ ನುಗ್ಗಿದ ಮಹಮದನ ಊರು, ಕುಮಟೆಯಲ್ಲಾದರೆ ಉಪ್ಪುನೀರು ನುಗ್ಗುವ ಗದ್ದೆ'. ಇತಿಹಾಸದ ಪಾಠ ಓದದವರು ಯಾರಿದ್ದಾರೆ? ಮೇಲಿನವರು ಮೊದಲರ್ಧದಿಂದ ಬರುತ್ತಾರೆ, ಕೆಳಗಿನವರು ಎರಡನೆಯದರಿಂದ. 'ನುಗ್ಗು' ಎರಡು ಕಡೆಯೂ ಸಲ್ಲುತ್ತದೆ. ಮಾಸ್ತರು ಅಪರೂಪಕ್ಕೆ "ಭೇಷ್" ಅಂದರು. ಕೊನೆಗೌಡನಿಗೂ ಹೀಗೇ: 'ಕೆಳಗಿಳಿಯದೆ ತೋಟ ದಾಟುವವನು, ಹೆಸರಲ್ಲಿ ಮೊದಲೇ ಕೊನೆ ಇದೆ'.

ಆದರೆ ಆಟ ತಿರುಗಿದ್ದು ಬೇರೆ ಕಡೆ. ಆರು ಜನರಲ್ಲಿ ಒಬ್ಬರೂ ಚೌಕಟ್ಟಿನಲ್ಲಿ ಒತ್ತಕ್ಷರ ಇಲ್ಲ ಅನ್ನುವುದನ್ನು ಗಮನಿಸಿರಲಿಲ್ಲ. ಹೇಳಿದ ಮೇಲೂ "ಹೌದಾ?" ಅಂದರು, ಅಷ್ಟೆ. ಹೊಳೆ ಊರು ದಾಟುವುದನ್ನು ಇಬ್ಬರು ತಾವಾಗೇ ನೋಡಿದ್ದರು. ಅವರಲ್ಲಿ ಒಬ್ಬರು, ಹೊನ್ನಾವರದ ಕಡೆಯ ಹೆಂಗಸು, ಕಾಗದದ ಅಂಚಿನಲ್ಲಿ ಬರೆದಿದ್ದರು: 'ಕಾಳಿಗೆ ಕಾರವಾರ ಕೊಟ್ಟಿದ್ದೀರಿ. ಶರಾವತಿಗೆ ನಮ್ಮೂರು ಯಾಕಿಲ್ಲ?'

ಆ ಕಾಗದ ಹಿಡಿದುಕೊಂಡು ಅಕ್ಕೋರು ಬಸ್ಸು ಹತ್ತಿ ಬಂದರು. ಮಾಸ್ತರ ಮನೆ ಜಗುಲಿ. ಹೊರಗೆ ಮಳೆ. ನಾನೂ ಇದ್ದೆ.

"ಒತ್ತು ಬೇಡ ಅನ್ನೋ ನಿಯಮ ಯಾರಿಗೆ ಮಾಸ್ತರೇ?" ಅಂತ ಕೇಳಿದರು.

ಮಾಸ್ತರು ಸ್ವಲ್ಪ ಹೊತ್ತು ಬಿಟ್ಟು ಹೇಳಿದರು. ಅವರು ಮೊದಲು ಪದಬಂಧ ಕಟ್ಟಿದ್ದು ಎರಡನೇ ಇಯತ್ತೆ ಮಕ್ಕಳಿಗೆ. ಕಾಗುಣಿತ ಬರುತ್ತಿತ್ತು, ಒತ್ತಕ್ಷರ ಇನ್ನೂ ಬರುತ್ತಿರಲಿಲ್ಲ. ಅದಕ್ಕೆ ಒತ್ತಿಲ್ಲದ ಪದಗಳನ್ನೇ ಆರಿಸುತ್ತಿದ್ದರು. ಆ ಮಕ್ಕಳು ಮೇಲಿನ ತರಗತಿಗೆ ಹೋದರು. ನಿಯಮ ಇವರ ಹತ್ತಿರವೇ ಉಳಿಯಿತು.

ಆಮೇಲೆ ಅವರು ವಾದಕ್ಕೆ ಅವಧಾನ ತಂದರು, ಸಭೆಯಲ್ಲಿ ಕೇಳಿದ ಹಾಗೆ ಕೂತಲ್ಲೇ ಪದ್ಯ ಕಟ್ಟುವ ಕಲೆ. ಅದರ ನಿಷೇಧಾಕ್ಷರಿಯಲ್ಲಿ ಅವಧಾನಿಗೆ ಒಂದೊಂದು ಅಕ್ಷರ ಬೇಡ ಅನ್ನುತ್ತಾ ಹೋಗುತ್ತಾರೆ, ಅವನು ಆ ಅಕ್ಷರ ಬಿಟ್ಟು ಪದ್ಯ ಕಟ್ಟುತ್ತಾನೆ. ಕಟ್ಟು ಇರುವುದರಲ್ಲೇ ಸೊಗಸು ಅಲ್ಲವೇ, ಕಟ್ಟು ಬಿಚ್ಚಿದರೆ ಏನು ಉಳಿಯಿತು ಅಂದರು. ಒಳ್ಳೆಯ ಮಾತು. ನನಗೆ ಉತ್ತರ ಹೊಳೆಯಲಿಲ್ಲ.

ಅಕ್ಕೋರಿಗೆ ಹೊಳೆಯಿತು. "ಅಲ್ಲಿ ಯಾವ ಅಕ್ಷರ ಬೇಡ ಅಂತ ಸಭೆ ಎದುರಿಗೇ ಹೇಳ್ತಾರಲ್ಲ ಮಾಸ್ತರೇ. ಸಭೆಗೆ ಗೊತ್ತು, ಅದಕ್ಕೇ ಚಪ್ಪಾಳೆ. ಇಲ್ಲಿ ಬಿಡಿಸುವವನಿಗೆ ಗೊತ್ತೇ ಇಲ್ಲ. ಅವನಿಗೆ ಕಾಣೋದು ಹೊನ್ನಾವರ ಇಲ್ಲ ಅನ್ನೋದು ಮಾತ್ರ."

ನಾನು ಈ ಪ್ರಕರಣ ಬರೆಯಲು ಕೂತದ್ದೇ ಈ ಒಂದು ಮಾತಿಗಾಗಿ. ಕಟ್ಟುವವನು ತನಗೆ ತಾನೇ ಹಾಕಿಕೊಂಡ ನಿಯಮದಲ್ಲಿ ಎರಡು ಬಗೆ. ಬಿಡಿಸುವವನ ಕೈಗೆ ತಾಗುವಂಥದ್ದು ಒಂದು, ಕಟ್ಟುವವನ ಖುಷಿಗೆ ಮಾತ್ರ ಇರುವುದು ಒಂದು. ಎರಡನೆಯದು ತಪ್ಪಲ್ಲ. ಬೆಂಚಿನ ಕೆಳಗಡೆ ನಯ ಮಾಡುವ ಬಡಗಿಯನ್ನು ಯಾರೂ ಬೈಯುವುದಿಲ್ಲ. ಆದರೆ ಎರಡೂ ಒಂದಕ್ಕೊಂದು ಎದುರಾದಾಗ ಯಾವುದನ್ನು ಬಿಡಬೇಕು ಅಂತ ಮಾಸ್ತರು ಮೂವತ್ತು ವರ್ಷ ಕೇಳಿಕೊಂಡಿರಲಿಲ್ಲ, ಯಾಕೆಂದರೆ ಹಾಗೆ ಎದುರಾಗುವಂಥ ನಿಯಮವನ್ನು ಅವರು ಮೊದಲು ಹಾಕಿಕೊಂಡೇ ಇರಲಿಲ್ಲ.

ಹೊಸ ನಿಯಮ, ಹೊಸ ತೊಂದರೆ

ಒಂದು ವಾರ ಮಾಸ್ತರ ಫೋನಿಲ್ಲ. ಸಿಟ್ಟು ಬಂದಿರಬೇಕು ಅಂದುಕೊಂಡೆವು. ಎಂಟನೇ ದಿನ ಫೋಟೋ ಬಂತು:

· ಸಿ ದ್ದಾ ಪು ರ
· ಗ · · ·
ಅ ಡಿ ಕೆ ತೋ ಟ
ಳಿ · · · ·
ವೆ · · · ·

ಕೆಳಗೆ ಸಣ್ಣ ಅಕ್ಷರದಲ್ಲಿ: 'ಒತ್ತು ಒಂಟಿಮನೆಯಲ್ಲಿ ಇರಬಹುದು. ಕೂಡುಮನೆಯಲ್ಲಿ ಬೇಡ.'

ಸುಮ್ನೆ ಒಪ್ಪಿಕೊಂಡು ಬಿಟ್ಟಿರಲಿಲ್ಲ ಅವರು. ಒಂದು ಸಲ ಮಾತ್ರ ರಿಯಾಯಿತಿ ಅಂದರೆ ಅದು ನಿಯಮವೇ ಅಲ್ಲ ಅನ್ನುವುದು ಅವರ ಮತ. ಅದಕ್ಕೆ ನಿಯಮವನ್ನೇ ಬದಲಿಸಿದರು. ಎರಡು ಪದ ಸೇರುವಲ್ಲಿ ಅಕ್ಷರ ಸರಳವಾಗಿರಲಿ, ಅಷ್ಟು ಸಾಕು. ಸಿದ್ದಾಪುರದ 'ದ್ದಾ' ಒಂಟಿ. ಹೊನ್ನಾವರದ 'ನ್ನಾ' ಕೂಡ ಒಂಟಿ, ಶರಾವತಿ ಸೇರುವುದು 'ವ'ದಲ್ಲಿ. ಒಂದೇ ಏಟಿಗೆ ಸಿಗಡಿ, ಸಿದ್ದಾಪುರ, ಹೊನ್ನಾವರ ಮೂರೂ ಒಳಗೆ ಬಂದವು. ಅಂಗಡಿ ಬಾಗಿಲು ಹಾಕಿತು. ಅಂಬಿಗರು ಹೋದದ್ದಕ್ಕೆ ನನಗೆ ಈಗಲೂ ಬೇಜಾರಿದೆ.

ನಾವು ಮೂವರೂ ಇದನ್ನು ಮೆಚ್ಚಿದೆವು. ಒಂದು ವಿಷಯ ಮೂವರಿಗೂ ಹೊಳೆಯಲಿಲ್ಲ. ಒಂಟಿಮನೆಯಲ್ಲಿ ಅಕ್ಷರ ಸರಿಯೋ ತಪ್ಪೋ ಅಂತ ತೋರಿಸಿಕೊಡುವವರು ಯಾರೂ ಇಲ್ಲ. ಕೂಡುಮನೆಯಲ್ಲಿ ತಪ್ಪಿದರೆ ಇನ್ನೊಂದು ಪದ ಕೂಗಿ ಹೇಳುತ್ತದೆ. ಒಂಟಿಮನೆ ಸುಮ್ಮನಿರುತ್ತದೆ. ಒತ್ತಕ್ಷರವನ್ನು ನಾವು ಹೋಗಿ ಹೋಗಿ ಅಲ್ಲೇ ಕೂರಿಸಿದ್ದೆವು.

ಸಂಚಿಕೆ ಬಂತು. ಉತ್ತರಗಳು ಬರತೊಡಗಿದವು. ಐವತ್ತರ ಹತ್ತಿರ ಬಂದವು, ಶಾಲೆಯ ಸಂಚಿಕೆಗೆ ಅದು ಜಾಸ್ತಿಯೇ. ಮುಂಬೈಯಿಂದಲೂ ಬಂತು. ಚೀಟಿ ಎತ್ತುವ ಮೊದಲು ಸರಿ ತಪ್ಪು ಬೇರೆ ಮಾಡಲು ಕೂತೆವು. ಐದನೆಯದೋ ಆರನೆಯದೋ ಕಾಗದಕ್ಕೆ ಮಾಸ್ತರ ಕೈ ನಿಂತಿತು. 'ಸಿದ್ಧಾಪುರ'. ದಕ್ಕೆ ಮಹಾಪ್ರಾಣದ ಒತ್ತು. ಮುಂದಿನದರಲ್ಲೂ ಹಾಗೇ. ಹೀಗೆ ಬರೆಯುವವರು ತುಂಬ ಜನ ಇದ್ದಾರೆ. ತಪ್ಪು ಅಂತ ತಳ್ಳುವುದೋ, ಬಿಡುವುದೋ?

ಆಮೇಲೆ ಗಜನಿ. ಅಕ್ಕೋರ ಸುಳಿವು ಕೆಲಸ ಮಾಡಿತ್ತು, ಘಟ್ಟದ ಮೇಲಿನವರೂ ಹಿಡಿದಿದ್ದರು. ಆದರೆ ಇತಿಹಾಸದ ಪುಸ್ತಕ ನೆನೆದು ಬಂದವರಲ್ಲಿ ಹಲವರು 'ಘಜನಿ' ಅಂತ ಬರೆದಿದ್ದರು. ಮಹಮದನ ಊರಿಗೆ ಹಾಗೂ ಬರೆಯುತ್ತಾರಲ್ಲ. ಗದ್ದೆಗೆ ಮಾತ್ರ ಅಲ್ಪಪ್ರಾಣ. ಆ ಮನೆಯೂ ಒಂಟಿ. ಎರಡು ಕಡೆಯವರಿಗೂ ದಾರಿ ಮಾಡಿಕೊಟ್ಟ ಸುಳಿವೇ ಎರಡು ಉತ್ತರಕ್ಕೂ ದಾರಿ ಮಾಡಿತ್ತು.

ಮಾಸ್ತರು ಬೀಗಬಹುದಿತ್ತು. 'ದ್ದಾ' ಇಲ್ಲದಿದ್ದರೆ ಅರ್ಧ ತೊಂದರೆ ಬರುತ್ತಲೇ ಇರಲಿಲ್ಲ. ಅವರು ಬೀಗಲಿಲ್ಲ. ಹೊನ್ನಾವರದ ಉತ್ತರಗಳನ್ನು ಒಂದೊಂದಾಗಿ ತೆಗೆದು ನೋಡಿದರು. ಒಬ್ಬರೂ ತಪ್ಪಿರಲಿಲ್ಲ. 'ನ್ನಾ' ಅನ್ನುವುದನ್ನು ಇನ್ನೊಂದು ಥರ ಬರೆಯಲು ಬರುವುದಿಲ್ಲ. "ಒತ್ತಿನ ತಪ್ಪಲ್ಲ ಇದು" ಅಂದರು. "ಗಜನಿಗೆ ಒತ್ತೇ ಇಲ್ಲ, ಅದೂ ಕೈ ಕೊಡ್ತು. ಎರಡು ಥರ ಬರೆಯೋ ಪದದ ಆ ಅಕ್ಷರ ಒಂಟಿಮನೇಲಿ ಬಿಡಬಾರದಿತ್ತು. ಇದನ್ನ ಮೊದಲೇ ನೋಡಬೇಕಿತ್ತು."

ಪದಬಂಧ ಕಟ್ಟುವವರು ಪಟ್ಟಿ ಮಾಡುವಾಗಲೇ ಇದನ್ನು ಗುರುತು ಹಾಕಿಕೊಂಡರೆ ಒಳ್ಳೆಯದು. ದ, ಧ, ಗ, ಘ, ಶ, ಷ, ಕೊನೆಯಲ್ಲಿ ಅ ಬರುತ್ತದೋ ಆ ಬರುತ್ತದೋ ಅನ್ನುವ ಊರ ಹೆಸರು, ಕುಮಟ ಕುಮಟಾ ಅಂತ. ಅಂಥ ಅಕ್ಷರ ಕೂಡುಮನೆಗೆ ಬಂದರೆ ಇನ್ನೊಂದು ಪದವೇ ತೀರ್ಮಾನ ಮಾಡುತ್ತದೆ. ಬರದಿದ್ದರೆ ಸುಳಿವಿನಲ್ಲಿ ತೀರ್ಮಾನ ಆಗಬೇಕು. ಎರಡೂ ಆಗದಿದ್ದರೆ ಚೀಟಿ ಎತ್ತುವ ದಿನ ಜಗಳ. ನಾವು ಜಗಳ ತಪ್ಪಿಸಲು ಎರಡು ರೂಪವನ್ನೂ ಸರಿ ಅಂತ ತೆಗೆದುಕೊಂಡೆವು. ಬಹುಮಾನ ಬಂದ ಮೂವರಲ್ಲಿ ಒಬ್ಬರದು ಘಜನಿ.

ಇನ್ನೊಂದು ಹೇಳಬೇಕು. ಆರು ಜನರಿಗೆ ಮೊದಲು ಕೊಟ್ಟದ್ದು ಅಂಗಡಿ ಇದ್ದ ಪದಬಂಧವನ್ನು. ಸಿದ್ದಾಪುರ ಬಂದ ಮೇಲೆ ಮತ್ತೆ ಯಾರಿಗೂ ಕೊಡಲಿಲ್ಲ. ಪ್ರೆಸ್ಸಿನವರು ಅವಸರ ಮಾಡುತ್ತಿದ್ದರು, ಒಂದೇ ಮೂಲೆ ಬದಲಾಗಿದ್ದು ತಾನೇ ಅಂದುಕೊಂಡೆವು. ಗಜನಿಯ ಹೊಸ ಸುಳಿವನ್ನೂ ಹಾಗೇ ಕಳಿಸಿದೆವು. ಕೈ ಕೊಟ್ಟದ್ದು ಆ ಎರಡೇ.

ಸರಿ ಉತ್ತರದ ಹಾಳೆಯನ್ನು ಶಾಲೆಯ ಗೋಡೆಗೆ ಅಂಟಿಸಿ, ಉತ್ತರ ಕಳಿಸಿದವರಿಗೆಲ್ಲ ಫೋಟೋ ಕಳಿಸಿದೆವು. ಮಾಸ್ತರು ಅದರಲ್ಲಿ ನಾಲ್ಕು ಹೊಳೆಗೂ ನೀಲಿ ಪೆನ್ಸಿಲ್ಲಿನಲ್ಲಿ ಬಣ್ಣ ತುಂಬಿದ್ದರು. ಹೊನ್ನಾವರದ ಆ ಹೆಂಗಸು ಒಂದು ನಗುಮುಖ ಕಳಿಸಿದರು. ಸಂಜೆ ಅಂಕೋಲೆಯಲ್ಲಿ ನೆಲೆಸಿರುವ ಹಳೇ ವಿದ್ಯಾರ್ಥಿಯೊಬ್ಬರು ಮಾಸ್ತರಿಗೇ ಫೋನ್ ಮಾಡಿದರು. ಗಂಗಾವಳಿ ಹರಿಯೋದು ನಮ್ಮ ತಾಲೂಕಲ್ಲಿ, ಅದಕ್ಕೆ ಕರಾವಳಿ ಕೊಟ್ಟು ನಮ್ಮೂರು ಬಿಟ್ಟದ್ದು ಯಾಕೆ ಅಂತ ಕೇಳಿದರು.

"ಎಂತ ಮಾಡ್ಲಿ ಮಾರಾಯ," ಅಂದರು ಮಾಸ್ತರು, "ಆ ಹೊಳೆಗೂ ನಿಮ್ಮೂರಿಗೂ ಒಂದಕ್ಷರದ ಸಂಬಂಧ ಇಲ್ಲ."